ಸಂಶೋಧನೆಗೆ ಅನುದಾನ ಬೇಕೇ? ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿ

ಮಲೆನಾಡಿನ ಪದವಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮಲ್ಲಿಂದ ಹೊರಡುವ ಅನುದಾನದ ಅರ್ಜಿಗಳೆಲ್ಲ ಮೊದಲು ನನ್ನ ಮೇಜಿಗೆ ಬರುತ್ತವೆ. ಚೆನ್ನಾಗಿ ಕೆಲಸ ಮಾಡಬಲ್ಲವರ ಅರ್ಜಿಗಳೇ ತಿರಸ್ಕೃತವಾಗುವುದನ್ನು ನೋಡಿದಾಗ ಸಂಕಟವಾಗುತ್ತದೆ. ಹೆಚ್ಚಿನ ಸಲ ಕೊರತೆ ಇರುವುದು ವಿದ್ವತ್ತಿನಲ್ಲಲ್ಲ, ಪ್ರಶ್ನೆ ಕೇಳಿದ ರೀತಿಯಲ್ಲಿ.

ಒಂದು ಉದಾಹರಣೆ ಹಿಡಿದುಕೊಂಡೇ ಹೇಳುತ್ತೇನೆ. ಅಡಿಕೆಯ ಎಲೆಚುಕ್ಕಿ ರೋಗ ನಮ್ಮ ಕಡೆಯ ತೋಟಗಳನ್ನು ಹೈರಾಣ ಮಾಡಿದೆ. ಹಾಗಾಗಿ 'ಮಲೆನಾಡಿನ ಅಡಿಕೆ ಎಲೆಚುಕ್ಕಿ ರೋಗದ ಸಮಗ್ರ ಅಧ್ಯಯನ' ಎಂಬ ಅರ್ಜಿ ಬರುವುದು ಸಹಜ. ಉದ್ದೇಶಗಳ ಪಟ್ಟಿಯಲ್ಲಿ ಸಮೀಕ್ಷೆ, ಶಿಲೀಂಧ್ರದ ಗುರುತು, ಹವಾಮಾನದ ಸಂಬಂಧ, ಔಷಧ ಪ್ರಯೋಗ, ರೈತರ ತರಬೇತಿ ಎಲ್ಲವೂ ಇರುತ್ತವೆ. ಒಬ್ಬ ಅಧ್ಯಾಪಕ, ಒಬ್ಬ ಸಂಶೋಧನಾ ಸಹಾಯಕ ಮೂರು ವರ್ಷದಲ್ಲಿ ಇಷ್ಟನ್ನೂ ಮುಗಿಸುತ್ತಾರೆಂದು ಅರ್ಜಿ ಪರಿಶೀಲಿಸುವ ಯಾವ ರಿವ್ಯೂವರ್ ನಂಬುತ್ತಾರೆ?

ಅರ್ಜಿ ಬರೆಯುವ ಮೊದಲು ಯಾರಾದರೂ ತೋಟದವರ ಜಗುಲಿಯಲ್ಲಿ ಕೂತು ನಿಮ್ಮ ಯೋಜನೆ ವಿವರಿಸಿ. 'ಅದೆಲ್ಲ ಸರಿ ಮೇಷ್ಟ್ರೇ, ರೋಗ ಬಂದ ಸೋಗೆ ಸುಡಬೇಕೋ, ಗೊಬ್ಬರದ ಗುಂಡಿಗೆ ಹಾಕಿದರೂ ಆಗುತ್ತೋ?' ಎಂದು ಅವರು ಕೇಳುತ್ತಾರೆ. ಅರ್ಜಿಯ ಬೀಜ ಅಲ್ಲೇ ಇದೆ: ಬಿದ್ದ ಸೋಗೆಯಲ್ಲಿ ಶಿಲೀಂಧ್ರ ಬೇಸಿಗೆ ದಾಟಿ ಮುಂದಿನ ಮಳೆಗಾಲದವರೆಗೆ ಬದುಕಿರುತ್ತದೆಯೇ? ಗೊಬ್ಬರದ ಗುಂಡಿಯ ಶಾಖದಲ್ಲಿ ಸಾಯುತ್ತದೆಯೇ? ಒಂದೇ ತಾಲ್ಲೂಕು, ಆಯ್ದ ಕೆಲವು ತೋಟ, ಎರಡೇ ಉದ್ದೇಶ. ಉತ್ತರ ಹೌದಾದರೂ ಅಲ್ಲವಾದರೂ ಬಳಕೆಗೆ ಬರುತ್ತದೆ. ದೊಡ್ಡ ನಗರದ ಪ್ರಯೋಗಾಲಯಕ್ಕೆ ಇಲ್ಲದ ಅನುಕೂಲವೊಂದು ನಿಮಗಿದೆ: ತೋಟ ಕಾಲೇಜಿನಿಂದ ಅರ್ಧ ಗಂಟೆಯ ದಾರಿ. ಅದನ್ನು ಸಂಕೋಚವಿಲ್ಲದೆ ಮೊದಲ ಪುಟದಲ್ಲೇ ಬರೆಯಿರಿ.

ಅರ್ಜಿಯ ಜೊತೆ ಒಂದಿಷ್ಟು ಪ್ರಾಥಮಿಕ ಮಾಹಿತಿ ಇರಲೇಬೇಕು. ಅದಕ್ಕೆ ದೊಡ್ಡ ದುಡ್ಡು ಬೇಡ. ಈ ಬೇಸಿಗೆಯಲ್ಲಿ ಎರಡು ತೋಟದಿಂದ ಒಣ ಸೋಗೆ ತಂದು, ಚುಕ್ಕಿ ಇರುವ ಭಾಗ ಕತ್ತರಿಸಿ, ಪೆಟ್ರಿ ತಟ್ಟೆಯಲ್ಲಿ ಬೆಳೆಸಿ, ದಿನಾಂಕದ ಸಮೇತ ಫೋಟೊ ತೆಗೆದಿಡಿ. ಹಳೆಯ ಪ್ರಕಟಣೆಗಳ ಉದ್ದ ಪಟ್ಟಿಗಿಂತ ಆ ಒಂದು ಚಿತ್ರ ಹೆಚ್ಚು ಭರವಸೆ ಕೊಡುತ್ತದೆ.

ಯಾರಿಗೆ ಅರ್ಜಿ ಹಾಕಬೇಕು? ವಿಜ್ಞಾನದವರಿಗೆ ಮುಖ್ಯ ಬಾಗಿಲು 2023ರ ಕಾಯ್ದೆಯಿಂದ ಬಂದ ಎಎನ್‌ಆರ್‌ಎಫ್ (ಕೇಂದ್ರದ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್). ಮೊದಲು ಇದೇ ಅನುದಾನ ಕೊಡುತ್ತಿದ್ದ ಎಸ್‌ಇಆರ್‌ಬಿ ಎಂಬ ಮಂಡಳಿ ಈಗ ಅದರೊಳಗೆ ಸೇರಿದೆ. ರಾಜ್ಯದ ಮಟ್ಟದಲ್ಲಿ ಕರ್ನಾಟಕ ಸರ್ಕಾರದ ವಿಜಿಎಸ್‌ಟಿ (ವಿಷನ್ ಗ್ರೂಪ್ ಆನ್ ಸೈನ್ಸ್ ಅಂಡ್ ಟೆಕ್ನಾಲಜಿ) ಇದೆ. ಸಮಾಜ ವಿಜ್ಞಾನಕ್ಕೆ ಐಸಿಎಸ್‌ಎಸ್‌ಆರ್ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ). ಕಲೆ, ರಂಗಭೂಮಿ, ಜಾನಪದದ ಮೇಲೆ ಕೆಲಸ ಮಾಡುವವರು ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಡೆ ನೋಡಿ. ಅಲ್ಲಿಗೆ ಕನ್ನಡದಲ್ಲೇ ಅರ್ಜಿ ಬರೆಯಬಹುದು. ಇಂಗ್ಲಿಷಿಗೆ ಹೆದರಿ ಸುಮ್ಮನಿರುವ ನಮ್ಮ ಎಷ್ಟೋ ಕನ್ನಡ ಅಧ್ಯಾಪಕರಿಗೆ ಇದು ಗೊತ್ತೇ ಇಲ್ಲ.

ಇನ್ನು ಬಜೆಟ್. ಅರ್ಜಿದಾರರು ನಿಜವಾಗಿ ಯೋಚನೆ ಮಾಡಿದ್ದಾರೋ ಇಲ್ಲವೋ ಎಂಬುದು ಇಲ್ಲಿ ಕಾಣುತ್ತದೆ. ನೆಟ್ ಅಥವಾ ಗೇಟ್ ಪರೀಕ್ಷೆ ಪಾಸಾದ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋ) ಒಬ್ಬರಿಗೆ 2023ರ ಪರಿಷ್ಕೃತ ದರದ ಪ್ರಕಾರ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಮೂರನೇ ವರ್ಷ ಎಸ್‌ಆರ್‌ಎಫ್ (ಹಿರಿಯ ಫೆಲೋ) ಆದರೆ 42,000. ಮೂರು ವರ್ಷಕ್ಕೆ 13,92,000 ರೂಪಾಯಿ ಆಯಿತು. ಮನೆ ಬಾಡಿಗೆ ಭತ್ಯೆ ಬೇರೆ. 30 ಲಕ್ಷದ ಯೋಜನೆಯಲ್ಲಿ ಅರ್ಧಕ್ಕೆ ಹತ್ತಿರದ ಮೊತ್ತ ಒಬ್ಬರ ಫೆಲೋಶಿಪ್‌ಗೇ ಹೋಗುತ್ತದೆ. ಉಳಿದದ್ದರಲ್ಲಿ ಡಿಎನ್‌ಎ ಪರೀಕ್ಷೆಗೆ ಬಳಸುವ ಪಿಸಿಆರ್ ಯಂತ್ರ ಕೊಳ್ಳಲು ಹೊರಟರೆ ಊರೂರು ತಿರುಗುವ ಜೀಪಿನ ಬಾಡಿಗೆಗೆ ದುಡ್ಡಿರುವುದಿಲ್ಲ. ಯಂತ್ರ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಇದೆಯೇ ಎಂದು ಮೊದಲು ವಿಚಾರಿಸಿ. ಐ-ಸ್ಟೆಮ್ ಪೋರ್ಟಲ್‌ನಲ್ಲಿ ದೇಶದ ಪ್ರಯೋಗಾಲಯಗಳ ಉಪಕರಣಗಳ ಪಟ್ಟಿ ಸಿಗುತ್ತದೆ. ಬಳಸಲು ಅವರು ಕೊಟ್ಟ ಒಪ್ಪಿಗೆ ಪತ್ರ ಲಗತ್ತಿಸಿ, ಬಳಕೆಯ ಶುಲ್ಕವನ್ನು ಬಜೆಟ್‌ನಲ್ಲಿ ತೋರಿಸಿ. ಪ್ರತಿಯೊಂದು ಖರ್ಚಿನ ಎದುರು ಅದು ಯಾವ ಉದ್ದೇಶಕ್ಕೆ ಎಂದು ಒಂದು ಸಾಲು ಬರೆಯಿರಿ. ಹಾಗೆ ಬರೆಯಲು ಬಾರದ ಖರ್ಚನ್ನು ತೆಗೆದುಬಿಡಿ.

ವೇಳಾಪಟ್ಟಿಗೆ ಮಳೆಗಾಲವನ್ನೇ ಆಧಾರ ಮಾಡಿಕೊಳ್ಳಿ. ಮಂಜೂರಾತಿ ಪತ್ರ ನವೆಂಬರಿನಲ್ಲಿ ಬಂದರೆ ಎಲೆಚುಕ್ಕಿ ಹರಡುವ ಕಾಲ ಮುಗಿದಿರುತ್ತದೆ. ಹಾಗಾದಲ್ಲಿ ಮೊದಲ ಆರು ತಿಂಗಳು ತೋಟಗಳ ಆಯ್ಕೆ, ನೇಮಕಾತಿ, ಬೇಸಿಗೆಯ ಸೋಗೆ ಸಂಗ್ರಹ. ಜೂನ್‌ನಿಂದ ತೋಟದ ವೀಕ್ಷಣೆ ಎಂದು ಬರೆಯಿರಿ. ಕ್ಷೇತ್ರಕಾರ್ಯ ಬಲ್ಲವರ ಅರ್ಜಿ ಎಂದು ಓದುವವರಿಗೆ ತಕ್ಷಣ ತಿಳಿಯುತ್ತದೆ.

ಅರ್ಜಿ ಕರೆಯುವ ಅಧಿಸೂಚನೆ ಬಂದ ಮೇಲೆ ಸಿಗುವ ಸಮಯ ಕಡಿಮೆ. ಕಾಲೇಜಿನ ಯುಜಿಸಿ ಕಾಯ್ದೆಯ 2(ಎಫ್) ಮತ್ತು 12(ಬಿ) ಸೆಕ್ಷನ್‌ಗಳಡಿ ಸಿಕ್ಕ ಮಾನ್ಯತೆಯ ಪ್ರತಿ, ಪಿಎಫ್‌ಎಂಎಸ್ (ಕೇಂದ್ರದ ಹಣ ಪಾವತಿಯ ಆನ್‌ಲೈನ್ ವ್ಯವಸ್ಥೆ) ನೋಂದಣಿಯ ವಿವರ, ನಿಮ್ಮ ಬಯೋಡಾಟಾ ಇವನ್ನೆಲ್ಲ ಮುಂಚೆಯೇ ಒಂದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ಪ್ರಾಂಶುಪಾಲರ ಸಹಿಗೆ ಕೊನೆಯ ದಿನ ಓಡಬೇಡಿ. ಅವರು ಜಿಲ್ಲಾ ಸಭೆಗೆ ಹೋಗಿರುತ್ತಾರೆ. ಕಚೇರಿಯ ಲೆಕ್ಕಪತ್ರ ನೋಡುವವರನ್ನು ಅರ್ಜಿ ಹಂತದಲ್ಲೇ ಜೊತೆಗೆ ಕೂರಿಸಿಕೊಳ್ಳಿ. ದುಡ್ಡು ಬಂದ ಮೇಲೆ ಕೇಂದ್ರದ ಹಣಕಾಸು ನಿಯಮಗಳ ಜಿಎಫ್‌ಆರ್ 12-ಎ ನಮೂನೆಯ ವಿನಿಯೋಗ ಪ್ರಮಾಣಪತ್ರ (ಹಣ ಕೊಟ್ಟ ಉದ್ದೇಶಕ್ಕೇ ಖರ್ಚಾಗಿದೆ ಎಂಬ ದಾಖಲೆ) ಸಿದ್ಧವಾಗುವುದು ಅವರ ಕೈಯಲ್ಲೇ. ಅದು ತಡವಾದರೆ ಮುಂದಿನ ಕಂತೂ ತಡವಾಗಿ, ಸಹಾಯಕರ ಫೆಲೋಶಿಪ್ ನಿಲ್ಲುತ್ತದೆ. ತಿಂಗಳ ಕೊನೆಗೆ ರೂಮಿನ ಬಾಡಿಗೆ ಕಟ್ಟಲಾಗದೆ ಪರದಾಡುವ ಹುಡುಗ ಹುಡುಗಿಯರ ಮುಖ ನೋಡಿದವರು ಇದನ್ನು ಹಗುರವಾಗಿ ತೆಗೆದುಕೊಳ್ಳಲಾರರು.

ಅರ್ಜಿ ತಿರಸ್ಕೃತವಾದರೆ ರಿವ್ಯೂವರ್ ಟಿಪ್ಪಣಿಯನ್ನು ಒಂದು ವಾರ ಬಿಟ್ಟು ಓದಿ. 'ವಿಧಾನ ಸ್ಪಷ್ಟವಿಲ್ಲ' ಎಂದಿದ್ದರೆ ಎಷ್ಟು ತೋಟ, ತೋಟಕ್ಕೆ ಎಷ್ಟು ಮರ, ಎಷ್ಟು ದಿನಕ್ಕೊಮ್ಮೆ ಮಾದರಿ ಎಂಬುದು ನಿಮ್ಮ ಅರ್ಜಿಯಲ್ಲಿ ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಸಂಖ್ಯಾಶಾಸ್ತ್ರ ವಿಭಾಗದ ಸಹೋದ್ಯೋಗಿಯೊಬ್ಬರ ಜೊತೆ ಕೂತು ಆ ಪುಟವನ್ನು ಹೊಸದಾಗಿ ಬರೆದು, ಮುಂದಿನ ಅಧಿಸೂಚನೆಗೆ ಮತ್ತೆ ಕಳಿಸಿ.