ಗೆರೆ ಮುಗಿದ ಮೇಲಿನ ದಾರಿ

ಸೆಸ್ನಾ 172 ಎಂಬ ಪುಟ್ಟ ವಿಮಾನದ ರೆಕ್ಕೆ ಒಂದು ತುದಿಯಿಂದ ಇನ್ನೊಂದು ತುದಿಗೆ 36 ಅಡಿ. ಕಾರು ಓಡಿಸಿ ಪಳಗಿದ ಕಣ್ಣಿಗೆ ಈ ಅಳತೆ ನೆನಪಿನಲ್ಲಿ ನಿಲ್ಲುವುದಿಲ್ಲ. ಹೊಸೂರು ಹತ್ತಿರದ ಬೆಳಗೊಂಡಪಳ್ಳಿ ಏರ್‌ಸ್ಟ್ರಿಪ್‌ಗೆ ವಿಮಾನವನ್ನು ಸರ್ವಿಸ್‌ಗೆ ತರುವಾಗ ಇಳಿಯುವುದಕ್ಕಿಂತ ಇಳಿದ ಮೇಲೆ, ನೆಲದಲ್ಲಿ ಓಡಿಸುವಾಗ, ನಾನು ಹೆಚ್ಚು ಹುಷಾರಾಗಿರುತ್ತೇನೆ.

ವಿಮಾನ ಕದಲಿದ ಕೂಡಲೇ ಬ್ರೇಕ್ ಒತ್ತಿ ನೋಡುತ್ತೇನೆ. ಆಮೇಲೆ ಬಿರುಸಾಗಿ ನಡೆಯುವ ಮನುಷ್ಯನ ವೇಗ, ಅಷ್ಟೇ. ಥ್ರಾಟಲ್ ಏರಿಸಿಟ್ಟು ಬ್ರೇಕ್‌ನಿಂದ ತಡೆಯುವ ಚಾಳಿ ಕೆಲವರಿಗಿದೆ. ಅದರಿಂದ ಬ್ರೇಕ್ ಕಾದು, ಬೇಕಾದ ಹೊತ್ತಿಗೆ ಕೈಕೊಡುತ್ತದೆ. ಚೆಕ್‌ಲಿಸ್ಟ್ ಓದಬೇಕೇ, ರೇಡಿಯೊ ಫ್ರೀಕ್ವೆನ್ಸಿ ಬದಲಿಸಬೇಕೇ, ಮೊದಲು ನಿಲ್ಲಿಸುತ್ತೇನೆ. ಮುಂಗಾರಿನ ಗಾಳಿ ಎಡ ಮುಂದಿನಿಂದ ಬಂದರೆ ಯೋಕ್ (ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಹಿಡಿ) ಎಡಕ್ಕೆ. ಎಡ ಹಿಂದಿನಿಂದ ಬಂದರೆ ಬಲಕ್ಕೆ ತಿರುಗಿಸಿ ಮುಂದಕ್ಕೆ ತಳ್ಳಿ ಹಿಡಿಯುತ್ತೇನೆ.

ರನ್‌ವೇಯಿಂದ ಒಳಗೆ ಬರುವ ದಾರಿ, ಅಂದರೆ ಟ್ಯಾಕ್ಸಿವೇ ಮೇಲೆ ಹಳದಿ ಗೆರೆಗೆ ಮುಂದಿನ ಚಕ್ರ ಹೊಂದಿಸಿಕೊಂಡರೆ ಅರ್ಧ ಚಿಂತೆ ಕಳೆಯಿತು. ವಿಮಾನದ ಶೆಡ್ಡು, ಹ್ಯಾಂಗರ್ ಮುಂದೆ ಮಾತ್ರ ಆ ಗೆರೆಯನ್ನು ನಂಬುವ ಹಾಗಿಲ್ಲ. ಗೆರೆ ಎಳೆದವನಿಗೆ ಇವತ್ತು ಅಲ್ಲಿ ಏಣಿ ನಿಲ್ಲುತ್ತದೆ, ಟ್ರಾಕ್ಟರ್ ನಿಲ್ಲುತ್ತದೆ ಅಂತ ಹೇಗೆ ಗೊತ್ತಿರಬೇಕು? 172ರ ರೆಕ್ಕೆ ಮೇಲಿರುವುದರಿಂದ ಕಾರಿನ ಮೇಲೆ ಹಾದುಹೋದೀತು, ಲಾರಿಯ ಮೇಲಲ್ಲ. ತಿರುಗುವಾಗ ಇನ್ನೂ ಮೋಸ: ನಾವು ತಿರುಗುವ ಕಡೆಯನ್ನೇ ನೋಡುತ್ತಿರುತ್ತೇವೆ, ಆಚೆ ಬದಿಯ ರೆಕ್ಕೆತುದಿ ಮತ್ತು ಬಾಲ ದೊಡ್ಡ ಸುತ್ತು ಹೊಡೆಯುತ್ತಿರುತ್ತವೆ.

ಇಕ್ಕಟ್ಟಿದ್ದರೆ ರೆಕ್ಕೆತುದಿಯ ಹತ್ತಿರ, ನನ್ನ ಕಣ್ಣಿಗೆ ಬೀಳುವ ಹಾಗೆ, ಪ್ರೊಪೆಲ್ಲರ್‌ನಿಂದ ದೂರ ಒಬ್ಬರು ನಡೆಯಬೇಕು. ತಲೆಯ ಮೇಲೆ ಕೈ ಅಡ್ಡಹಾಕಿದರೆ ನಿಲ್ಲು ಎಂದರ್ಥ. ಅವರು ಕಾಣದೆ ಹೋದರೂ ನನಗೆ ಅದೇ ಅರ್ಥ. ಹತ್ತಿರದ ತಳಿ ಊರಿನ ಕಡೆಯ ಹುಡುಗನೊಬ್ಬ ಒಮ್ಮೆ, "ಇನ್ನೂ ಜಾಗ ಐತೆ, ಬನ್ನಿ ಸಾರ್" ಎಂದು ಕೈಬೀಸಿ ಕರೆದ. ಬಹುಶಃ ಇತ್ತೇನೋ. ಇಂಧನ ನಿಲ್ಲಿಸುವ ಮಿಕ್ಸ್ಚರ್ ನಾಬ್ ಎಳೆದು ಎಂಜಿನ್ ಆರಿಸಿ, "ಇರ್ಲಿ ಬಾರಪ್ಪ, ತಳ್ಳೋಣ" ಅಂದೆ. ಸಮತಟ್ಟು ನೆಲದಲ್ಲಿ ಇಬ್ಬರಿಗೆ ಅದೇನು ದೊಡ್ಡ ಕೆಲಸವಲ್ಲ. ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊದ ಕೀ ತೆಗೆದು ಜೇಬಿಗೆ ಹಾಕಿಕೊಂಡೇ ಮುಂದಿನ ಚಕ್ರಕ್ಕೆ ಟೋ ಬಾರ್ (ಎಳೆಯುವ ಸಲಾಕೆ) ಸಿಕ್ಕಿಸುತ್ತೇನೆ. ತಳ್ಳಿ ಮುಗಿದ ತಕ್ಷಣ ಅದನ್ನು ಬಿಚ್ಚಿ ಒಳಗಿಡಬೇಕು. ಮರೆತು ಸ್ಟಾರ್ಟ್ ಮಾಡಿದರೆ ಪ್ರೊಪೆಲ್ಲರ್ ಮೊದಲು ಹೊಡೆಯುವುದು ಅದಕ್ಕೇ.