ಹೊಸ ಟಿವಿಯಲ್ಲಿ ಹಳೇ ಡಿವಿಡಿ ಪ್ಲೇಯರ್: ಕಪ್ಪು-ಬಿಳುಪು ಚಿತ್ರಕ್ಕೆ ಬಣ್ಣ ಬಂದದ್ದು ಹೀಗೆ

ಮದುವೆ ಡಿವಿಡಿ ಹಾಕಿದರೆ ಧ್ವನಿ ಸರಿಯಾಗಿತ್ತು, ಚಿತ್ರ ಮಾತ್ರ ಕಪ್ಪು-ಬಿಳುಪು. ಧಾರೆ ಸೀರೆಯೂ ಬೂದಿ ಬಣ್ಣ.

ಹೊಸ ಕೇಬಲ್ ತಂದೆ, ಆಗಲಿಲ್ಲ. ಟಿವಿಯಲ್ಲಿ ಕಲರ್ ಪೂರ್ತಿ ಏರಿಸಿದೆ, ಊಹೂಂ. ಪ್ಲೇಯರಿನೊಳಗೆ ಡಿಸ್ಕ್ ಓದುವ ಲೆನ್ಸ್ ಒರೆಸಿದ್ದಂತೂ ಸುಮ್ನೆ ದಂಡ. ಲೆನ್ಸ್ ಕೊಳೆಯಾದರೆ ಚಿತ್ರ ನಿಂತು ನಿಂತು ಬರುತ್ತದೆ, ಬಣ್ಣ ಹೋಗುವುದಿಲ್ಲ.

ನನ್ನ ಟಿವಿ ಹಿಂದೆ ಹಳದಿ ತೂತು ಬೇರೆಯಾಗಿ ಇಲ್ಲ. ಹಸಿರು ತೂತಿನ ಸುತ್ತಲೇ ಅರ್ಧ ಹಳದಿ ಬಳೆ ಇದೆ. ಕೇಬಲಿನಲ್ಲಿ ಚಿತ್ರ ತರುವ ಹಳದಿ ಪಿನ್ ಅಲ್ಲಿಗೇ ಹೋಗಬೇಕು, ಹಾಕಿದ್ದೂ ಅಲ್ಲಿಗೇ. ಆದರೆ ಟಿವಿಯ ಸೋರ್ಸ್, ಅಂದರೆ ಚಿತ್ರ ಎಲ್ಲಿಂದ ತಗೋಬೇಕು ಎಂಬ ಆಯ್ಕೆ, 'ಕಾಂಪೊನೆಂಟ್' ಆಗಿತ್ತು. ಆಗ ಟಿವಿ ಹಸಿರು ತೂತಿನಿಂದ ಬರೀ ಬೆಳಕು-ನೆರಳು ತಗೊಂಡು, ಬಣ್ಣಕ್ಕೆ ನೀಲಿ, ಕೆಂಪು ತೂತುಗಳನ್ನು ಕಾಯುತ್ತದೆ. ಅಲ್ಲಿ ಏನೂ ಚುಚ್ಚಿಲ್ಲವಲ್ಲ! ಟಿವಿ ರಿಮೋಟಿನಲ್ಲಿ ಸೋರ್ಸ್ ಒತ್ತಿ 'ಎವಿ' ಮಾಡಿದೆ. ಬಣ್ಣ ಬಂತು.

ಆದರೂ ಜನ ನಡೆದರೆ ಚಿತ್ರ ಜಗ್ಗಿದಂತೆ ಕಾಣುತ್ತಿತ್ತು. ಪ್ಲೇಯರ್ 'ಎನ್‌ಟಿಎಸ್‌ಸಿ' ಎಂಬ ಸೆಕೆಂಡಿಗೆ ಸುಮಾರು 30 ಫ್ರೇಮಿನ (ಬಿಡಿ ಚಿತ್ರದ) ಟಿವಿ ಪದ್ಧತಿಯಲ್ಲಿತ್ತು, ಡಿಸ್ಕ್ ಸೆಕೆಂಡಿಗೆ 25 ಫ್ರೇಮಿನ 'ಪಾಲ್' ಪದ್ಧತಿಯದು. ಪ್ಲೇಯರನ್ನೂ 'ಪಾಲ್' ಮಾಡಬೇಕು. ಮೊದಲು ಡಿಸ್ಕ್ ಹೊರಗೆ ತೆಗೆಯಿರಿ. ಒಳಗಿದ್ದರೆ ನನ್ನ ಪ್ಲೇಯರಿನಲ್ಲಿ ಅದನ್ನು ಬದಲಾಯಿಸುವ ಪ್ರಿಫರೆನ್ಸ್ ಪುಟ ತೆರೆಯುವುದೇ ಇಲ್ಲ, ಇದಕ್ಕೇ ಒಂದು ಸಂಜೆ ಹೋಯಿತು. ಆಮೇಲೆ ಪ್ಲೇಯರಿನ ರಿಮೋಟಿನಲ್ಲಿ ಸೆಟಪ್, ಪ್ರಿಫರೆನ್ಸ್, ಟಿವಿ ಟೈಪ್, 'ಪಾಲ್'. ಸೆಟಪ್ ಮತ್ತೆ ಒತ್ತಿ ಹೊರಬಂದು ಡಿಸ್ಕ್ ಹಾಕಿ.