ನಲ್ಲಿಯಿಂದ ಹಿಂದಕ್ಕೆ: ಮಕ್ಕಳಿಗೆ ನೀರಿನ ದಾರಿ ತೋರಿಸುವುದು ಹೇಗೆ?

ಕುಡಿಯೋ ನೀರು ಎಲ್ಲಿಂದ ಬರುತ್ತೆ ಅಂತ ಬೆಂಗಳೂರಿನ ಮಕ್ಕಳನ್ನು ಕೇಳಿ. ಟ್ಯಾಂಕ್‌ನಿಂದ, ಕ್ಯಾನ್‌ನಿಂದ ಅಂದರೆ ತಿದ್ದಲು ಹೋಗಬೇಡಿ. ಪಾಠ ಅಲ್ಲಿಂದಲೇ ಶುರುವಾಗಲಿ. ತಲಕಾವೇರಿಯಿಂದ ಹೊರಟರೆ ನದಿಗೂ ನಲ್ಲಿಗೂ ನಂಟೇ ಕಾಣೋದಿಲ್ಲ.

ಮೊದಲು ಶಾಲೆಯ ನಲ್ಲಿ ಹತ್ತಿರ ಹೋಗಿ, ಪೈಪ್ ಹಿಡಿದು ಹಿಂದಕ್ಕೆ ನಡೆಯಿರಿ: ಮೇಲಿನ ಟ್ಯಾಂಕ್, ಮೋಟರ್, ಸಂಪು, ಗೇಟಿನ ಹತ್ತಿರದ ಮೀಟರ್. ಸಂಪಿನ ಮುಚ್ಚಳ ದೊಡ್ಡವರೇ ತೆಗೆಯಬೇಕು, ಮಕ್ಕಳು ದೂರ ನಿಂತು ನೋಡಲಿ. ಬೋರ್‌ವೆಲ್ ನೀರೂ ಅದೇ ಸಂಪಿಗೆ ಬೀಳುತ್ತಾ ಅಂತ ವಿಚಾರಿಸಿ. ರಸ್ತೆಯಲ್ಲಿ ನೀರು ಬಿಡುವ ವಾಲ್ವ್‌ಮನ್ ಸಿಕ್ಕರೆ ಐದು ನಿಮಿಷ ಮಾತಾಡಿಸಲೇಬೇಕು, ಯಾವ ಬೀದಿಗೆ ಯಾವ ದಿನ ನೀರು ಅನ್ನೋದನ್ನು ಅವರಷ್ಟು ಚೆನ್ನಾಗಿ ಯಾರೂ ಹೇಳಲಾರರು.

ಆಮೇಲೆ ತರಗತಿಯಲ್ಲಿ ಒಂದು ಮೀಟರ್ ದಾರ ಹಾಸಿ. ಒಂದು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್. ಈ ತುದಿ ಶಾಲೆ, ಆ ತುದಿ ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿ, ಕಾವೇರಿ ನೀರನ್ನು ಶುದ್ಧ ಮಾಡೋದು ಅಲ್ಲೇ. ಮಧ್ಯೆ ಹಾರೋಹಳ್ಳಿ, ತಾತಗುಣಿ ಗುರುತು ಮಾಡಿಸಿ.

ಈಗ ಮುಖ್ಯವಾದದ್ದು. ನದಿ ತಗ್ಗಿನಲ್ಲಿದೆ, ಊರು ಎತ್ತರದಲ್ಲಿದೆ, ನೀರು ತಾನಾಗಿ ಹತ್ತಿ ಬರೋದಿಲ್ಲ ಅಲ್ವಾ? ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಈ ಮೂರೂ ಕಡೆ ಪಂಪ್ ಮಾಡಿ ಸುಮಾರು 500 ಮೀಟರ್ ಮೇಲೆತ್ತುತ್ತಾರೆ. ಇದನ್ನು ಸುಮ್ನೆ ಬೋರ್ಡ್ ಮೇಲೆ ಬರೆದರೆ ತಲೆಗೆ ಹೋಗೋದಿಲ್ಲ. ಇಬ್ಬಿಬ್ಬರಾಗಿ ಅರ್ಧ ಬಕೆಟ್ ನೀರನ್ನು ಮೊದಲ ಮಹಡಿಗೆ ಹೊತ್ತೊಯ್ಯಲಿ. ಏದುಸಿರು ಬಿಡುತ್ತಿರುವಾಗಲೇ ಕೇಳಿ: ಒಂದು ಮಹಡಿಗೆ ಮೂರು ಮೀಟರ್ ಆದರೆ ಇನ್ನೆಷ್ಟು ಮಹಡಿ ಹತ್ತಬೇಕು? ಉತ್ತರ 160ಕ್ಕೂ ಜಾಸ್ತಿ, ಆದರೆ ಲೆಕ್ಕ ಅವರೇ ಹಾಕಲಿ.

ಮನೆಗೆ ಒಂದು ಕೆಲಸ ಕೊಡಿ. ಅಜ್ಜ ಅಜ್ಜಿ ಚಿಕ್ಕವರಿದ್ದಾಗ ನೀರು ಎಲ್ಲಿಂದ ತರುತ್ತಿದ್ದರು ಅಂತ ಕೇಳಿ ಬರಲಿ. ಬೆಂಗಳೂರಿಗೆ ಕಾವೇರಿ ಬಂದದ್ದು 1974ರಲ್ಲಿ. ಅದಕ್ಕೂ ಮುಂಚೆ ಹೆಸರಘಟ್ಟ, ತಿಪ್ಪಗೊಂಡನಹಳ್ಳಿಯಿಂದ ಅರ್ಕಾವತಿ ನೀರು ಬರುತ್ತಿತ್ತು. ಬಾವಿ, ಬೀದಿ ನಲ್ಲಿಯ ಕಥೆಗಳು ಬಂದರೆ ಪೂರ್ತಿ ಹೇಳಲು ಬಿಡಿ, ಅವಸರ ಬೇಡ. ನಿಮ್ಮದು ಮಂಗಳೂರಾದರೆ ದಾರದ ತುದಿಗೆ ನೇತ್ರಾವತಿಯ ತುಂಬೆ ಅಣೆಕಟ್ಟು ಬರುತ್ತೆ, ಹುಬ್ಬಳ್ಳಿಯಾದರೆ ಮಲಪ್ರಭೆ.

ಕೊನೆಗೆ ದಾರವನ್ನು ಗೋಡೆಗೆ ಅಂಟಿಸಿ, ಪಕ್ಕದಲ್ಲಿ ಒಂದು ಚಾರ್ಟ್ ಹಾಕಿ. ಮಳೆಗಾಲ ಶುರುವಾದ ಮೇಲೆ ಪೇಪರ್ ನೋಡಿ ಕೆಆರ್‌ಎಸ್ ಮಟ್ಟವನ್ನು ಮಕ್ಕಳು ದಿನಾ ಅದರಲ್ಲಿ ಬರೆಯಲಿ. 124.80 ಅಡಿ ಅಂದರೆ ಅಣೆಕಟ್ಟು ಭರ್ತಿ.